ಹತ್ತು ತಿಂಗಳ ವರ್ಷ

"ಎಷ್ಟು ವರ್ಷದಿಂದ ಇಲ್ಲಿ?"
ನಾಡಕಚೇರಿಯ ಕಿಟಕಿಯಲ್ಲಿ ಕೇಳಿದರಂತೆ.
ತ್ರಿನಾಥ ಬೆಹೆರಾ ಒಂಬತ್ತು ಬೆರಳು ಎತ್ತಿದ.
ಹತ್ತನೆಯದರ ಅರ್ಧ ವಿಂಚಿನ ಹಗ್ಗ ತಿಂದಿದೆ,
ಅದನ್ನವನು ಲೆಕ್ಕಕ್ಕೆ ಹಿಡಿಯಲಿಲ್ಲ.
"ಮಳೆಗಾಲದಲ್ಲಿ?"
"ಊರಿಗೆ. ಗಂಜಾಂ."
"ಹಾಗಾದರೆ ಸತತ ಅಲ್ಲವಲ್ಲ.
ಕೆಲಸ ಕೊಟ್ಟವರ ಪತ್ರ ತಾ."

ಹೀಗೆ ಆ ಪತ್ರ ನನ್ನ ಮೇಜಿಗೆ ಬಂತು,
ಮಲ್ಪೆಯ ದಕ್ಕೆಯಲ್ಲಿ, ಐಸ್ ಪ್ಲಾಂಟಿನ ಗೋಡೆಗೆ ಒರಗಿದ
ಎಂಟಡಿ ಕೋಣೆಗೆ.
ಡೀಸೆಲ್ ಲೆಕ್ಕ, ಬಲೆಯ ಲೆಕ್ಕ, ಬಂಗುಡೆಯ ಲೆಕ್ಕ,
ಎಲ್ಲ ಬರೆಯುವವಳು ನಾನೇ.

ಹಳೆಯ ಲೆಡ್ಜರು ತೆಗೆದೆ. ಉಪ್ಪುಗಾಳಿಗೆ ಉಬ್ಬಿದ ಹಾಳೆಗಳು.
ಮೊದಲ ಮೂರು ವರ್ಷ ಅವನಿಗೆ ಹೆಸರಿಲ್ಲ,
'ಒರಿಯಾ ಮೇಸ್ತ್ರಿ, ಐನೂರು' ಎಂದಿದೆ ನನ್ನದೇ ಅಕ್ಷರದಲ್ಲಿ.
ನಾಲ್ಕನೆಯ ವರ್ಷ 'ತ್ರಿನಾಥ, ಎರಡು ಸಾವಿರ, ಮಗು ಹುಟ್ಟಿದ್ದಕ್ಕೆ.'
ಆರನೆಯ ವರ್ಷ 'ಬೆರಳು, ಆಸ್ಪತ್ರೆ', ಎದುರಿಗೆ ಮೊತ್ತ,
ಪಕ್ಕದಲ್ಲಿ 'ಮುಂಗಡ'.
ಹೌದು, ಮುಂಗಡ ಅಂತಲೇ ಬರೆದಿದ್ದೇನೆ.
ಹನ್ನೊಂದು ಕಂತಿನಲ್ಲಿ ಮುರಿದುಕೊಂಡಿದ್ದೇವೆ.

ಅವನ ವಿದ್ಯೆ ಯಾವ ಕಾಲಮಿನಲ್ಲೂ ಕೂರುವುದಿಲ್ಲ.
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ಸ್ವಲ್ಪ ಹೊತ್ತು.
ಆಮೇಲೆ ತುಳುವಿನಲ್ಲಿ, "ಮೂಜಿನೆತ್ತವು," ಅನ್ನುತ್ತಾನೆ.
ಬಿಚ್ಚಿದರೆ ಮೂರನೆಯದೇ ಕೆಟ್ಟಿರುತ್ತದೆ.

ಒಂಬತ್ತು ವರ್ಷ, ವರ್ಷಕ್ಕೆ ಹತ್ತು ತಿಂಗಳು: ತೊಂಬತ್ತು.
ಹನ್ನೆರಡರಿಂದ ಭಾಗಿಸಿದರೆ ಏಳೂವರೆ.
ಆದರೆ ಒಂದು ಆಟಿಯಲ್ಲಿ ಅವನು ಹೋಗಿರಲೇ ಇಲ್ಲ,
ತಳ ಒಡೆದ ಬೋಟಿನ ಕೆಳಗೆ ಮಲಗಿಯೇ ಎರಡು ತಿಂಗಳು ಕಳೆದ.
ಆ ದಿನಗಳಿಗೆ ಸಂಬಳ ಬರೆದಿಲ್ಲ,
ಹುಡುಕಿದರೆ 'ಕುಚ್ಚಲಕ್ಕಿ, ಹತ್ತು ಕಿಲೋ' ಮಾತ್ರ ಸಿಗುತ್ತದೆ.
ಇನ್ನು ಉಳಿದ ಮಳೆಗಾಲಗಳು?
ಆಗ ಕಡಲಿಗೂ ರಜೆಯಲ್ಲವೇ.
ಬೋಟು ಇಳಿಯದ ಎರಡು ತಿಂಗಳು
ಕಡಲು ಮಲ್ಪೆಯ ನಿವಾಸಿ ಅಲ್ಲ ಅಂತ
ಯಾರಾದರೂ ಷರಾ ಬರೆದದ್ದುಂಟೇ?

ನಿನ್ನೆ ಧನಿಗಳು ತಿಂಗಳಾಯರು ಹೇಳಿದ್ದಾರೆ:
"ಆಗಾಗ ಬಂದುಹೋಗುವವ ಅಂತ ಹಾಕು ವಾರಿಜಾ.
ಸತತ ಅಂದರೆ ನಾಳೆ ಪಿ.ಎಫ್. ಕೇಳ್ತಾನೆ,
ನಾಡಿದ್ದು ಬೆರಳು ಕೇಳ್ತಾನೆ."
ಕೆಟ್ಟವರಲ್ಲ. ಸಾಲದಲ್ಲಿ ಬೋಟು ಎಳೆಯುವವರು.
ನಾನು ತಲೆಯಾಡಿಸಿದೆ.
ಇಪ್ಪತ್ತೆರಡು ವರ್ಷದಿಂದ ತಲೆಯಾಡಿಸುತ್ತಿದ್ದೇನೆ,
ನಾನು ಇಲ್ಲಿ ಕೆಲಸಕ್ಕಿದ್ದೇನೆ ಎನ್ನುವ ಕಾಗದ
ನನ್ನ ಹತ್ತಿರವೂ ಇಲ್ಲ.

ಇವತ್ತು ಹತ್ತೂವರೆಗೆ ಫೋನು.
ಹೊಸ ಬಲೆ ಪರೀಕ್ಷೆಗೆ ಹೊರಟ ಧನಿಗಳು
ಅಳಿವೆ ದಾಟಿ ದ್ವೀಪದ ಹತ್ತಿರ ನಿಂತಿದ್ದಾರೆ, ಎಂಜಿನ್ ಬಂದ್.
ಗಾಳಿಯ ಸದ್ದಿನಲ್ಲಿ ಕೂಗಿದರು:
"ತ್ರಿನಾಥ ಎಲ್ಲಿದ್ದಾನೆ?"
"ಇಲ್ಲೇ ಇದ್ದಾನೆ," ಅಂದೆ.
ಬಾಗಿಲಲ್ಲೇ ಇದ್ದ. ಚೀಲ ಹೆಗಲಿಗೇರಿಸಿ
ನಾಡದೋಣಿಗೆ ಹಾರಿದ.

ಆಮೇಲೆ ಟೈಪು ಮಾಡಲು ಕೂತೆ.
ಕಚೇರಿ ಕನ್ನಡಕ್ಕೆ ಒಂದು ಗುಣವಿದೆ,
ಅದು ಯಾರನ್ನೂ ಏಕವಚನದಲ್ಲಿ ಕರೆಯುವುದಿಲ್ಲ.
'ಸದರಿಯವರು ಒಂಬತ್ತು ವರ್ಷಗಳಿಂದ ಸತತವಾಗಿ
ನಮ್ಮಲ್ಲಿ ದುಡಿಯುತ್ತಿದ್ದು, ಇಲ್ಲಿಯೇ ವಾಸವಾಗಿರುತ್ತಾರೆ.'
ಸದರಿಯವರು!
ಓದಿ ನಗು ಬಂತು, ಆಮೇಲೆ ಬರಲಿಲ್ಲ.

ಕಾಗದದ ಮೇಲೆ ಹಳೆಯ ಪ್ರೊಪೆಲ್ಲರಿನ ನಟ್ಟು ಇಟ್ಟಿದ್ದೇನೆ,
ಹಾರದಿರಲೆಂದು.
ಕೆಳಗೆ ಸಹಿಯ ಜಾಗ ಖಾಲಿ.
ಧನಿಗಳು ಸಂಜೆಯೊಳಗೆ ದಡಕ್ಕೆ ಬರುತ್ತಾರೆ,
ಎಂಜಿನ್ ಸರಿಯಾದರೆ.