ಕಾಲ ಮ್ಯಾಲಿನ ಗೆರಿ

ಮೊದಲ ಗೊತ್ತಾಗಲಿಲ್ಲ. ಬ್ಯಾಡಗಿಯೊಳಗ
ಕೆಂಪಗಾದ ಕಾಲನ್ನ ಯಾರು ನೋಡ್ತಾರ?
ಮುಂಜಾನಿಂದ ಮೆಣಸಿನಕಾಯಿ ರಾಶ್ಯಾಗ ಕೂತು
ತೊಟ್ಟು ಮುರಿಯೋ ನಮಗ
ಉಗುರು ಕೆಂಪು, ಸೀರಿ ಅಂಚು ಕೆಂಪು,
ಸೀನಿದ್ರ ಸೆರಗೂ ಕೆಂಪು.
ಉರಿ ಅಂದ್ರ ಕೂಲಿ ಜೋಡಿ ಕೈಗೆ ಬರೋ ಚಿಲ್ಲರೆ.

ಸೋಮವಾರ ರಾತ್ರಿ ಎರಡು ಕೊಡ ನೀರು ಸುರುವಿ ಕಾಲ ತೊಳದೆ.
ಎಡಗಾಲು ತನ್ನ ಬಣ್ಣಕ್ಕ ಬಂತು.
ಬಲಗಾಲು ಬರಲಿಲ್ಲ.

ಮುಟ್ಟಿದ್ರ ಒಲಿ ಮ್ಯಾಲಿಂದ ಆಗಷ್ಟ ಇಳಿಸಿದ ಹಂಚು.
ಪಾದ ಚಪ್ಪಲಿಯೊಳಗ ಹಿಡೀಲಿಲ್ಲ,
ಕಾಲುಂಗುರ ಬಾವಿನೊಳಗ ಮುಳುಗಿ
ಬರೇ ಒಂದು ಹೊಳಪಾಗಿ ಉಳದಿತ್ತು.

ಚೇಳು ಅಂದ್ಲು ಮಾಬೂಬಿ.
ನಾ ಕೂತಿದ್ದ ಚೀಲ ತಾನ ಝಾಡಿಸಿದ್ಲು;
ಬಿದ್ದದ್ದು ಬೀಜ, ಒಂದು ಸತ್ತ ಹಲ್ಲಿ.
ಹಮಾಲ ಬಿಷ್ಟಪ್ಪ ಉಳುಕು ಅಂದ,
ನನ್ನ ಕಾಲ ನೋಡದ ತನ್ನ ಕಾಲ ತೋರಿಸಿ
ಲಾರಿ ಮ್ಯಾಲಿಂದ ಬಿದ್ದ ಕತಿ ಪೂರಾ ಹೇಳಿದ.
ಅತ್ತಿ ಮಾತಾಡ್ಲಿಲ್ಲ. ಉಪ್ಪು, ಸಾಸಿವಿ, ಮೂರು ಕಾಯಿ
ನಿವಾಳಿಸಿ ಒಲಿಗೆ ಒಗದ್ಲು.
ಘಾಟು ಬರದಿದ್ರ ನೆದರ ಆಗೈತಿ ಅಂತಾರ;
ನಮ್ಮೂರ ಕಾಯಿ, ಬಣ್ಣ ಭಾಳ, ಖಾರ ಕಮ್ಮಿ,
ಮೂಗು ಸತ್ತು ಎಷ್ಟೋ ವರ್ಷಾತು,
ಘಾಟು ಬಂತೋ ಇಲ್ಲೋ ಇಬ್ಬರಿಗೂ ತಿಳೀಲಿಲ್ಲ.

ಮೆಡಿಕಲ್ ಶಾಪಿನ ಹುಡುಗ ಹೆಬ್ಬೆರಳಿನ ಬುಡ ನೋಡಿ
ಯೂರಿಕ್ ಆಸಿಡ್ ಅಂದ. ಹಿಂದಕ ರಾಜರಿಗೆ ಬರ್ತಿತ್ತಂತ,
ಮಾಂಸ, ಶೆರೆ ಹೆಚ್ಚಾದವರಿಗೆ.
ರೊಟ್ಟಿ, ಪುಂಡಿಪಲ್ಯ ಅಂದೆ ನಾನು.
ಗುಳಿಗಿ ಕತ್ತರಿಸಾಕತ್ತಿದ್ದ ಕೈ ಹಂಗ ನಿಂತಿತು.

ಹಾವೇರಿಯೊಳಗ ನರ್ಸಿಂಗ್ ಓದೋ ತಂಗಿ ಮಗಳು
ಫೋನಿನ್ಯಾಗ ಹೆದರಿಸಿದ್ಲು:
ಮೀನಖಂಡ ಒತ್ತಿ ನೋಡು ದೊಡ್ಡವ್ವ,
ರಕ್ತ ಹೆಪ್ಪುಗಟ್ಟಿ ನರದಾಗ ಕೂತಿದ್ರ
ಅದು ಎದ್ದು ಎದಿಗೆ ನಡೀತೈತಿ.
ಅವತ್ತ ರಾತ್ರಿಪೂರಾ ಕಿವಿಗೊಟ್ಟು ಮಲಗಿದೆ,
ಏನಾರ ನಡಿಯೋ ಸಪ್ಪಳ ಐತೇನಂತ.

ದವಾಖಾನಿ ಡಾಕ್ಟರ್ ಬಾಯಾರು ಎರಡೂ ಕಾಲ ಜೋಡಿಸಿಟ್ಟು ನೋಡಿದ್ರು.
ಎರಡೂ ಬಾತಿದ್ರ ಬ್ಯಾರೆ ಮಾತಿತ್ತು, ಕಿಡ್ನಿ, ಹಾರ್ಟು, ಅಂದ್ರು.
ಒಂದ ಬಾತದ್ದಕ್ಕ ದೇವರಿಗೆ ಕಾಯಿ ಒಡೀಬೇಕೇನ್ರೀ
ಅಂತ ಕೇಳೋದ್ರಾಗ
ಸೂಜಿ ಚುಚ್ಚಿ ಶುಗರ್ ನೋಡಿದ್ರು, ಮೀನಖಂಡ ಒತ್ತಿದ್ರು,
ಕಿರಿಬೆರಳಿನ ಸಂದಿ ಬಿಡಿಸಿ
ಅಲ್ಲೇ ನಿಂತ್ರು.
ಒಂದು ಬಿರುಕು. ಅಕ್ಕಿಕಾಳಿನಷ್ಟೂ ಇಲ್ಲ.
ತ್ಯಾವದಾಗ ಬೆಳ್ಳಗಾಗಿ ಸಡಲಾದ ತೊಗಲು.
ಇಲ್ಲಿಂದ ಹೊಕ್ಕೈತಿ ಅಂದ್ರು.
ಏನು ಅಂದ್ರ, ಕಣ್ಣಿಗೆ ಕಾಣದ್ದು.

ಚೇಳು, ನೆದರು, ರಾಜರು, ಎಲ್ಲಾರೂ ಬಂದು ಹೋದ ಮ್ಯಾಲ
ಬಾಗಲಾ ತೆರದಿಟ್ಟಾಕಿ ನಾನ.

ಕಾಲುಂಗುರ ಇಕ್ಕಳ ಹಾಕಿ ಕತ್ತರಿಸಿದ್ರು.
ಅತ್ತಿ ಗ್ವಾಡಿ ಕಡೆ ಮಾರಿ ಮಾಡಿದ್ಲು.
ಗಂಡ ಹೊರಗ ಚೀಟಿ ಹಿಡ್ಕೊಂಡು ನಿಂತಿದ್ದ.
ಅಲ್ಲಿಂದನ ಕೂಗಿದೆ: ಏನೂ ಆಗ್ಲಿಲ್ಲಲ್ಲ ನಿನಗ?

ಆಮ್ಯಾಲ ಬಾಯಾರು ನೀಲಿ ಪೆನ್ನು ತಗದು
ಕೆಂಪಿನ ಅಂಚು ಹಿಡದು ಸುತ್ತ ಗೆರಿ ಎಳದ್ರು.
ನಾಳೆ ಕೆಂಪು ಇದನ್ನ ದಾಟಿದ್ರ, ಚಳಿಜ್ವರ ಬಂದ್ರ
ನೆಟ್ಟಗ ಹಾವೇರಿಗೆ.
ಗುಳಿಗಿ ತಪ್ಪಸಬ್ಯಾಡ. ಕಾಲ ಎತ್ತರಕ್ಕಿಡು.

ನಮ್ಮಪ್ಪಗ ಹೊಲ ಇರಲಿಲ್ಲ, ಇವರಪ್ಪಗೂ ಇಲ್ಲ.
ಬದುವಿನ ಜಗಳ ಕೇಳೇವಿ, ಮಾಡಿಲ್ಲ.
ಈಗ ಮೂರು ಖಾಲಿ ಚೀಲದ ಮ್ಯಾಲ ಕಾಲ ಇಟ್ಟು
ಮೊಬೈಲಿನ ಬ್ಯಾಟರಿ ಹಚ್ಚಿ
ತಾಸಿಗೊಮ್ಮೆ ಸರಹದ್ದು ಕಾಯ್ತೀನಿ.

ಕೋಳಿ ಕೂಗಿತು. ಹಿಮ್ಮಡದ ಕಡೆ ಬೆರಳಗಲ ಹಿಂದ ಸರದೈತಿ.
ಮ್ಯಾಲ, ಕಣಕಾಲ ಕಡೆ, ಗೆರಿ ಮುಟ್ಟಿ ನಿಂತೈತಿ;
ದಾಟೈತೋ, ಪೆನ್ನಿನ ಗೆರೀನ ದಪ್ಪೈತೋ.
ಇವತ್ತ ಗುರುವಾರ, ಪ್ಯಾಟಿ ದಿನ.
ಹೊರಗ ಟೆಂಪೋ ಹಾರ್ನು, ಮಾಬೂಬಿ ಕೂಗಾಕತ್ತಾಳ.
ಒಂದ ಚಪ್ಪಲಿ ಮೆಟ್ಟಿ ಕೂತೀನಿ.