ತಪ್ಪು ನೀಲಿ

ಕುಲ್ಮ್‌ಬಾಖ್‌ನ ಸಭಾಂಗಣ, ಮೇಜು ನಲವತ್ತಮೂರು.
ತವರದ ಸೈನ್ಯವೊಂದು ಮಾರಾಟಕ್ಕೆ ನಿಂತಿದೆ:
ಎದುರಿಗೆ ಕುದುರೆ, ತುತ್ತೂರಿ, ಮೀಸೆ;
ಪಕ್ಕಕ್ಕೆ ಬಂದರೆ ಬರೀ ಒಂದು ಗೆರೆ.

ಭೂತಗನ್ನಡಿಯವನು ಬಗ್ಗಿದ. ಅವನ ಉಸಿರಿಗೇ
ನಾಲ್ವರು ಬಂದೂಕಿನವರು ಮಗುಚಿಬಿದ್ದರು.
"ಈ ದಳದ ಅಂಗಿ ಇಷ್ಟು ತಿಳಿನೀಲಿ ಅಲ್ಲಮ್ಮ,
ತಪ್ಪು. ಎರಡು ಯೂರೋ ಇಳಿಸಿ."

ಹೆಡ್ವಿಗ್ ಕಾಫಿ ಲೋಟ ಕೆಳಗಿಟ್ಟಳು.
ಆ ಚಳಿಗಾಲ ವೆಂಡೆಲಿನ್‌ಗೆ ನೀಲಿ ಮುಗಿದಿತ್ತು,
ಹೊರಗೆ ಮೊಣಕಾಲುದ್ದ ಹಿಮ, ಅಂಗಡಿ ದೂರ.
ರೆಪ್ಪೆಗೆ ಹಚ್ಚುವ ತನ್ನ ಡಬ್ಬಿಯನ್ನೇ ಕೊಟ್ಟಿದ್ದಳು;
ಆಮೇಲೆ ವಸಂತದ ತನಕ ಅವಳ ಕಣ್ಣು ಬೋಳು,
ಹನ್ನೆರಡು ಸಿಪಾಯಿಗಳಿಗೆ ಸಿಂಗಾರ.

"ಹೌದು, ತಪ್ಪೇ," ಎಂದಳು.
ಬಿದ್ದವರನ್ನು ಎತ್ತಿ ನಿಲ್ಲಿಸಲಿಲ್ಲ.
ಆ ಹನ್ನೆರಡನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ
ಕೈಚೀಲಕ್ಕಿಳಿಸಿ ಜಿಪ್ ಎಳೆದಳು.

ಅವನು ಫಿರಂಗಿಗಳತ್ತ ಸರಿದ.