ಎಣಿಕೆ

ಅರಸೀಕೆರೆ, ಐವತ್ತಾರನೇ ಇಸವಿ. ಸ್ಟೇಷನ್ನಿನ ಎದುರು ಲಾಡ್ಜಿನಲ್ಲಿ
ನಾನು ರಿಜಿಸ್ಟರು ಬರೆಯುವವನು.
ಹೆಸರು: ಅಂಜಲೈ. ಊರು: ಈಪೋ, ಮಲಯಾ.
ಬಂದ ಕಾರಣ ಕೇಳಿದೆ.
‘ಹಾಗೇ ಬಿಡಿ’ ಅಂದಳು. ಬಿಟ್ಟೆ.

ಒಂಟಿ ಹೆಂಗಸು, ತಗಡಿನ ಪೆಟ್ಟಿಗೆ,
ಎತ್ತಿದರೆ ಒಳಗೆ ಏನೋ ಕಬ್ಬಿಣ ಉರುಳುತ್ತದೆ.
ಹಗಲೆಲ್ಲ ಕಿಟಕಿ. ಆಚೆ ತೆಂಗಿನಕಾಯಿ ಮಂಡಿ,
ಮಂಡಿಯ ನೆರಳಲ್ಲಿ ನಮ್ಮ ರುದ್ರಮುನಿ
ಎರಡು ಕೈಗೂ ಕಣ್ಣಿದ್ದ ಹಾಗೆ ಕಾಯಿ ಎಣಿಸುತ್ತಾನೆ:
ಲಾಭ, ಎರಡು, ಮೂರು, ನಾಕು...
ಸಾವಿರಕ್ಕೊಂದು ತಪ್ಪಿಲ್ಲ.

ನನ್ನ ಸ್ನೇಹಿತ. ಚೌಕಾಬಾರದಲ್ಲಿ ಸೋತರೂ ನಗುವವನು.
ಯುದ್ಧದ ವರ್ಷ ಕೋಲಾರದ ಗಣಿಯಲ್ಲಿದ್ದನಂತೆ; ತಮಿಳು ಅಲ್ಲಿಯದು,
ಕೆಮ್ಮೂ ಅಲ್ಲಿಯದು.
ಗಾಡಿ ಬಂದಾಗ ಮಾತ್ರ ಕಂಬಿಗೆ ಬೆನ್ನು ಮಾಡಿ ಕೂರುತ್ತಿದ್ದ,
ಹೊಗೆ ಆಗೋಲ್ಲ ಅಂತ. ನಂಬಿದ್ದೆ.

ಮೂರನೇ ರಾತ್ರಿ ಅವಳು ಪೆಟ್ಟಿಗೆ ತೆರೆದಳು:
ತುಕ್ಕು ಹಿಡಿದ ರೈಲು ಕಂಬಿಯ ಮೊಳೆ, ಗೇಣುದ್ದ.
ಸಯಾಮಿನ ಕಾಡಲ್ಲಿ ಜಪಾನಿನವರು ಹಾಕಿಸಿದ ಹಳಿ.
ಹೊಡೆದವರೆಲ್ಲ ಜಪಾನಿನವರಲ್ಲ, ಅಂದಳು,
ನಮ್ಮ ಸಾಲಿನ ಬೆತ್ತ ನಮ್ಮ ಕಡೆಯವನ ಕೈಲಿತ್ತು.
ಕಾಲರಾ ಹಿಡಿದವರನ್ನು ಉಸಿರಿರುವಾಗಲೇ
ಎಣಿಸಿ ಎಣಿಸಿ ಗುಂಡಿಗೆ ಹಾಕಿಸಿದ.
ಅಣ್ಣ ಮೊದಲನೆಯವ.

ಹದಿಮೂರು ವರ್ಷ, ತಾಯಿ, ಮುಖ ಬದಲಾಗುತ್ತೆ, ಅಂದೆ,
ಯಾರನ್ನೋ ಯಾರೋ ಅಂದುಕೊಂಡರೆ?
ಅವಳು ಮುಖ ನೋಡಲು ಬಂದಿರಲಿಲ್ಲ.

ಹನ್ನೊಂದು ಗಂಟೆ. ಹುಬ್ಬಳ್ಳಿ ಗಾಡಿಗೆ ಕೊನೇ ಲೋಡು.
ಒಂದೇ ಲಾಂದ್ರ. ಗೋಡೆಯ ಮೇಲೆ ರುದ್ರಮುನಿ
ತನಗಿಂತ ಮೂರು ಪಟ್ಟು ಎತ್ತರ.
ಇಂಜಿನ್ನಿನ ಆವಿ ನುಗ್ಗಿ ರಾಶಿ ಮರೆಯಾಯ್ತು,
ಆವಿಯೊಳಗಿಂದ ಹೆಣ್ಣುದನಿ, ಒಂದೇ ಮಾತು:
‘ಬಾಂಗೋ!’

ನನಗೆ ಅರ್ಥ ಗೊತ್ತಿಲ್ಲ. ಅವನ ಹಿಮ್ಮಡಿಗಳಿಗೆ ಗೊತ್ತಿತ್ತು.
ಕೂಡಿಕೊಂಡವು. ಬೆನ್ನು ನೆಟ್ಟಗಾಯಿತು. ಬಾಯಿ
ತಾನಾಗೇ ಶುರು ಮಾಡಿತು: ಇಚಿ, ನಿ, ಸಾನ್,
ಅಲ್ಲಿಗೆ ನಿಂತ. ಕೈಯಿಂದ ಕಾಯಿ ಬಿತ್ತು.
ಒಡೆಯಲಿಲ್ಲ.

ಸಬ್ ಇನ್ಸ್‌ಪೆಕ್ಟರು ಕೇಳಿದರು:
ಒಂದು ಎರಡು ಮೂರು ಅನ್ನೋದು ಯಾವ ಸೆಕ್ಷನ್ನಮ್ಮಾ?
ಅವಳು ಮೊಳೆಯನ್ನು ಅವರ ಮೇಜಿನ ಮೇಲಿಟ್ಟು ಗಾಡಿ ಹತ್ತಿದಳು.
ಈಗ ಅದು ಠಾಣೆಯಲ್ಲಿ ಕಾಗದ ಹಾರದಂತೆ ಕಾಯುತ್ತದೆ.

ರುದ್ರಮುನಿ ಓಡಿಹೋಗಲಿಲ್ಲ. ಬೆಳಿಗ್ಗೆ ರಾಶಿ ಮುಂದೆ ಕೂತ.
ಲಾಭ, ಅಂದ. ನಿಂತ.
ಲಾಭ.
ಗಾಡಿಯ ಹಿಂದೆ ಗಾಡಿ ನಿಂತವು, ಎತ್ತುಗಳು ಮೆಲುಕು ಹಾಕಿದವು,
ಮಧ್ಯಾಹ್ನವಾದರೂ ಅವನು ಎರಡಕ್ಕೆ ಬರಲಿಲ್ಲ.

ಸಂಜೆ ಎಂದಿನಂತೆ ಕವಡೆ ಹಿಡಿದು ಬಂದ, ಬಾಗಿಲಲ್ಲಿ ಕೆಮ್ಮಿದ.
ನಾನು ರಿಜಿಸ್ಟರಿನ ಖಾಲಿ ಕಾಲಂ ನೋಡುತ್ತ
ತಲೆಯೆತ್ತಲಿಲ್ಲ.